ಬೀಗ ನಿಮ್ಮದು, ಬೀಗದ ಕೈ ಯಾರದು?

ಇವತ್ತು ರಾಜಕೀಯ ಬೇಡ. ವಿಧಾನಸೌಧದ ಬಾಗಿಲಲ್ಲಿ ಯಾರು ಒಳಗೆ ಹೋದ್ರು, ಯಾರು ಹೊರಗೆ ಬಂದ್ರು ಅನ್ನೋದನ್ನ ದಿನಾ ನೋಡ್ತಾನೇ ಇರ್ತೀವಿ. ಇವತ್ತು ನಾನು ನಿಮ್ಮ ಮನೆ ಬಾಗಿಲಿಗೆ ಬರ್ತಾ ಇದೀನಿ. ಅದರಲ್ಲೂ ಬಾಡಿಗೆ ಮನೆ ಬಾಗಿಲಿಗೆ.

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕೋವಾಗ ನಾವು ಏನೇನು ಕೇಳ್ತೀವಿ? ಕಾವೇರಿ ನೀರು ಬರುತ್ತಾ, ಬೋರ್‌ವೆಲ್ ಇದೆಯಾ? ಬೈಕ್ ನಿಲ್ಲಿಸೋಕೆ ಜಾಗ ಇದೆಯಾ? ಕರೆಂಟ್ ಮೀಟರ್ ಬೇರೆ ಇದೆಯಾ? ಅಡ್ವಾನ್ಸ್ ಎಷ್ಟು, ಬಿಡೋವಾಗ ಪೇಂಟಿಂಗಿಗೆ ಎಷ್ಟು ಹಿಡ್ಕೋತೀರಿ? ಎಲ್ಲ ಕೇಳ್ತೀವಿ. ಒಂದು ಪ್ರಶ್ನೆ ಮಾತ್ರ ಕೇಳಲ್ಲ. ಸ್ವಾಮಿ, ಈ ಬಾಗಿಲಿನ ಬೀಗದ ಕೈ ಒಟ್ಟು ಎಷ್ಟಿವೆ? ಯಾರ್ಯಾರ ಹತ್ರ ಇವೆ?

ನಾನೂ ಕೇಳಿರಲಿಲ್ಲ. ಅದರ ಕತೆ ಹೇಳ್ತೀನಿ.

ಆಗ ನಾನಿನ್ನೂ ವರದಿಗಾರ. ಮದುವೆ ಆಗಿ ಎರಡು ವರ್ಷ. ಬೆಂಗಳೂರು ದಕ್ಷಿಣದ ಒಂದು ಬಡಾವಣೆಯಲ್ಲಿ, ನಾಲ್ಕು ಮಹಡಿ ಕಟ್ಟಡದ ಮೊದಲ ಮಹಡಿಯಲ್ಲಿ ಒಂದು ಫ್ಲಾಟು. ಬಾಡಿಗೆ ಆರು ಸಾವಿರ. ಅಡ್ವಾನ್ಸ್ ಹತ್ತು ತಿಂಗಳದ್ದು, ಅರವತ್ತು ಸಾವಿರ. ಊರಲ್ಲಿ ಅಪ್ಪ ತೆಂಗಿನಕಾಯಿ ಮಾರಿದ ದುಡ್ಡಲ್ಲಿ ಅರ್ಧ ಕೊಟ್ಟಿದ್ದರು. ಗೌರಿ ಹಬ್ಬಕ್ಕೆ ಅಂತ ಅರಸೀಕೆರೆ ಹತ್ತಿರದ ನಮ್ಮೂರಿಗೆ ಹೋದ್ವಿ. ಮೂರು ದಿನ. ಗಣಪತಿ ಬಿಟ್ಟು ವಾಪಸ್ ಬಂದು, ಬೀಗ ತೆಗೆದು ಒಳಗೆ ಹೋದ್ವಿ. ಹೊರಗಿನಿಂದ ನೋಡಿದ್ರೆ ಏನೂ ಆಗಿಲ್ಲ. ಒಳಗೆ ಬೀರು ತೆರೆದಿತ್ತು. ನನ್ನ ಹೆಂಡತಿಯ ಎರಡು ಬಳೆ, ನಮ್ಮಮ್ಮ ಕೊಟ್ಟಿದ್ದ ಅವಲಕ್ಕಿ ಸರ ಇರಲಿಲ್ಲ.

ಠಾಣೆಯಿಂದ ಕ್ರೈಂ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಂದ್ರು. ಬಾಗಿಲು ನೋಡಿದ್ರು, ಚೌಕಟ್ಟು ನೋಡಿದ್ರು, ಬಗ್ಗಿ ಬೀಗದ ತೂತು ನೋಡಿದ್ರು. ಆಮೇಲೆ ಕೇಳಿದ್ರು. "ಸಾರ್, ಇದು ಒಡೆದಿರೋದಲ್ಲ. ತೆಗೆದಿರೋದು. ಬೀಗದ ಕೈ ಯಾರ್ಯಾರ ಹತ್ರ ಇದೆ?"

ನಾನು ಹೇಳಿದೆ, "ನನ್ನ ಹತ್ರ ಒಂದು, ನಮ್ಮ ಮನೆಯವರ ಹತ್ರ ಒಂದು."

"ಕೆಲಸಕ್ಕೆ ಯಾರು ಬರ್ತಾರೆ?"

ನೋಡಿ, ಈ ಪ್ರಶ್ನೆ ಬಂದೇ ಬರುತ್ತೆ. ನಾನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಪಾತ್ರೆ ತೊಳೆಯೋಕೆ ಬರ್ತಿದ್ದ ಅಮ್ಮನ ಹೆಸರು ಹೇಳಿದೆ. ಅವರು ಇರೋ ಬೀದಿಯನ್ನೂ ಹೇಳಿದೆ. ಆಯಮ್ಮನ ಹತ್ರ ನಮ್ಮ ಮನೆ ಕೀ ಇರಲಿಲ್ಲ. ನಾವು ಊರಿಗೆ ಹೋಗ್ತೀವಿ ಅನ್ನೋದು ಗೊತ್ತಿತ್ತು, ಅಷ್ಟೇ. ಮುಂದೆ ಏನಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ಆ ಕೀ ಲೆಕ್ಕ ಮುಗಿಸೋಣ.

ಹೆಡ್ ಕಾನ್‌ಸ್ಟೇಬಲ್ ಬಿಡಲಿಲ್ಲ. ಮಾಲೀಕರಿಗೆ ಫೋನ್ ಮಾಡಿಸಿದ್ರು. ಮಾಲೀಕರ ಹತ್ರ ಒಂದು ಕೀ ಇತ್ತು. ಮನೆ ತೋರಿಸೋಕೆ ಅಂತ ಬ್ರೋಕರ್‌ಗೆ ಕೊಟ್ಟಿದ್ದು ಒಂದು, ವಾಪಸ್ ಬಂದಿರಲಿಲ್ಲ. ಸುಣ್ಣಬಣ್ಣ ಮಾಡಿಸೋವಾಗ ಪೇಂಟರ್‌ಗೆ ಮಾಡಿಸಿಕೊಟ್ಟಿದ್ದು ಒಂದು. ನಮಗಿಂತ ಮುಂಚೆ ಇದ್ದವರು ಮೂವರು ಹುಡುಗರು. ಮೂರು ಜನಕ್ಕೆ ಮೂರು ಕೀ. ಬಿಡೋವಾಗ ಎರಡು ಕೊಟ್ಟು ಹೋಗಿದ್ದರು. ಆ ಎರಡೇ ನಮ್ಮ ಕೈಗೆ ಬಂದಿದ್ದು. ಅಂದ್ರೆ ನಮ್ಮ ಎರಡು ಬಿಟ್ಟು ಇನ್ನೂ ನಾಲ್ಕು ಕೀ ಊರೆಲ್ಲಾ ಓಡಾಡ್ತಾ ಇದ್ದವು. ನಾವು ಮೂರು ಸಲ ಎಳೆದು ನೋಡಿ, ದೇವರಿಗೆ ಕೈ ಮುಗಿದು ಊರಿಗೆ ಹೋಗಿದ್ವಿ.

ಅದಕ್ಕೇ ನಾನು ಬಾಡಿಗೆ ಮನೆಗೆ ಹೋಗೋ ಯಾರು ಸಿಕ್ಕರೂ ಮೊದಲು ಒಂದು ಮಾತು ಹೇಳ್ತೀನಿ. ಹಾಲು ಉಕ್ಕಿಸೋ ದಿನವೇ ಬೀಗ ಬದಲಾಯಿಸಿ. ಹಾಲಿನ ಪಾತ್ರೆ ತರೋಕೆ ಮುಂಚೆ ಬೀಗ ತನ್ನಿ.

ಇದು ದೊಡ್ಡ ಕೆಲಸ ಅಂತ ಜನ ಅಂದ್ಕೋತಾರೆ. ಅಲ್ಲ. ಈಗಿನ ಫ್ಲಾಟುಗಳಲ್ಲಿ ಬಾಗಿಲಿನ ದಪ್ಪದೊಳಗೆ ಕೂತಿರೋ ಮಾರ್ಟಿಸ್ ಬೀಗ ಜಾಸ್ತಿ. ಅದರಲ್ಲಿ ಕೀ ಹಾಕೋ ಭಾಗಕ್ಕೆ ಸಿಲಿಂಡರ್ ಅಂತಾರೆ. ಬಾಗಿಲು ತೆರೆದು ಅದರ ಅಂಚನ್ನ ನೋಡಿ, ಸಿಲಿಂಡರಿನ ನೇರಕ್ಕೆ ಒಂದು ಸ್ಕ್ರೂ ಇರುತ್ತೆ. ಆ ಸ್ಕ್ರೂ ಬಿಚ್ಚಿ, ಕೀ ಹಾಕಿ ಸ್ವಲ್ಪ ತಿರುಗಿಸಿ ಎಳೆದರೆ ಸಿಲಿಂಡರ್ ಪೂರ್ತಿ ಕೈಗೆ ಬರುತ್ತೆ. ಅದನ್ನ ಹಾರ್ಡ್‌ವೇರ್ ಅಂಗಡಿಗೆ ತಗೊಂಡು ಹೋಗಿ, ಅದೇ ಉದ್ದದ್ದು ಹೊಸದು ತನ್ನಿ, ಕೂರಿಸಿ. ಹೊಸ ತೂತು ಕೊರೆಯೋ ಹಾಗಿಲ್ಲ, ಬಾಗಿಲಿಗೆ ಒಂದು ಗೀರು ಬೀಳಲ್ಲ. ಹಳೇ ಸಿಲಿಂಡರನ್ನ ಅದರ ಕೀ ಸಮೇತ ಒಂದು ಕವರಲ್ಲಿ ಹಾಕಿ ಅಟ್ಟದ ಮೇಲಿಡಿ. ಮನೆ ಬಿಡೋ ದಿನ ಹಳೇದನ್ನ ಹಾಕಿ, ನಿಮ್ಮದನ್ನ ನೀವು ತಗೊಂಡು ಹೋಗಿ. ಮುಂದಿನ ಮನೆಗೂ ಅಳತೆ ಸರಿಹೋದ್ರೆ ಅದೇ ಆಯ್ತು.

ಸಿಲಿಂಡರ್ ಇಲ್ಲದ ಹಳೇ ಥರದ ಬೀಗವಾದ್ರೆ, ಅದೇ ಅಳತೆಯ ಇಡೀ ಬೀಗ ಬದಲಾಯಿಸಬೇಕು. ಕಾರ್ಪೆಂಟರ್ ಬೇಕಾಗುತ್ತೆ. ಇನ್ನು ಕೆಲವು ಮನೆಗಳಲ್ಲಿ ಬಾಗಿಲು ಎಳೆದರೆ ತಾನಾಗೇ ಬೀಳೋ ನೈಟ್ ಲ್ಯಾಚ್ ಒಂದೇ ಇರುತ್ತೆ. ಬರೀ ಎಳೆದುಕೊಂಡು ಹೋಗಬೇಡಿ. ಅದರ ನಾಲಿಗೆ ಇಳಿಜಾರಾಗಿ ಇರುತ್ತೆ, ಸಂದಿಯಲ್ಲಿ ಒಂದು ತೆಳು ಪ್ಲಾಸ್ಟಿಕ್ ತೂರಿಸಿ ಹಿಂದಕ್ಕೆ ತಳ್ಳೋ ಸಾಧ್ಯತೆ ಇದೆ. ಹೊರಗಿಂದ ಕೀ ತಿರುಗಿಸಿ ಎರಡನೇ ಸುತ್ತು ಹಾಕೋ ಅವಕಾಶ ಇದ್ರೆ ಹಾಕಿ.

ಮಾಲೀಕರು ಒಪ್ಪಲ್ಲ ಅಂತೀರಾ? ಕೇಳಿ ನೋಡಿ. ಜಗಳ ಬೇಡ. "ಅಂಕಲ್, ಹಳೇ ಕೀ ಎಲ್ಲೆಲ್ಲಿದೆಯೋ ಗೊತ್ತಿಲ್ಲ, ನನ್ನ ಖರ್ಚಲ್ಲೇ ಬದಲಾಯಿಸ್ತೀನಿ, ಬಿಡೋವಾಗ ಹಳೇದನ್ನೇ ಹಾಕಿಕೊಡ್ತೀನಿ" ಅಂತ ಒಂದು ವಾಟ್ಸಾಪ್ ಮೆಸೇಜ್ ಕಳಿಸಿ. ಅವರು ಸರಿ ಅಂದಿದ್ದನ್ನ ಉಳಿಸಿಕೊಳ್ಳಿ. ನಾಳೆ ಅಡ್ವಾನ್ಸ್ ಹಿಡ್ಕೊಳ್ಳೋ ಮಾತು ಬಂದಾಗ ಆ ಮೆಸೇಜೇ ನಿಮ್ಮ ಸಾಕ್ಷಿ.

ಕಾನೂನು ಏನು ಹೇಳುತ್ತೆ? 1882ರ ಆಸ್ತಿ ವರ್ಗಾವಣೆ ಕಾಯ್ದೆ ಇದೆ, ಬ್ರಿಟಿಷರ ಕಾಲದ್ದು. ಅದರ 108ನೇ ಕಲಂ ನೋಡಿ. ಬಾಡಿಗೆ ಕಟ್ಟಿಕೊಂಡು, ಕರಾರಿನ ಪ್ರಕಾರ ನಡ್ಕೊಳ್ಳೋ ಬಾಡಿಗೆದಾರನಿಗೆ ಅವಧಿ ಮುಗಿಯೋವರೆಗೂ ಅಡ್ಡಿಯಿಲ್ಲದೆ ಇರೋ ಹಕ್ಕಿದೆ. ತಾನು ಅಳವಡಿಸಿದ್ದನ್ನ, ಮನೆ ತನ್ನ ಸ್ವಾಧೀನದಲ್ಲಿ ಇರುವಾಗಲೇ ಬಿಚ್ಚಿಕೊಂಡು ಹೋಗಬಹುದು. ಆದರೆ ಮನೆಯನ್ನ ಹೇಗೆ ತಗೊಂಡಿದ್ನೋ ಹಾಗೇ ಬಿಟ್ಟುಕೊಡಬೇಕು. ಇದು 1882ರಲ್ಲಿ ಬರೆದಿಟ್ಟಿರೋ ಮಾತು. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ತಂತು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು, ಮಾಲೀಕ ಒಳಗೆ ಬರಬೇಕಾದ್ರೆ 24 ಗಂಟೆ ಮುಂಚೆ ತಿಳಿಸಬೇಕು ಅಂತ ಅದರಲ್ಲಿದೆ. ಆದರೆ ಹೆಸರೇ ಹೇಳೋ ಹಾಗೆ ಅದು ಮಾದರಿ. ರಾಜ್ಯಗಳು ತಮ್ಮ ಕಾನೂನಾಗಿ ಮಾಡ್ಕೊಂಡ್ರೆ ಮಾತ್ರ ಅದಕ್ಕೆ ಬಲ. ಅಲ್ಲಿವರೆಗೂ ನಿಮ್ಮ ಬಲ ಎಲ್ಲಿದೆ? ನಿಮ್ಮ 11 ತಿಂಗಳ ಕರಾರುಪತ್ರದಲ್ಲಿದೆ. ಒಂದು ವರ್ಷ ಮೀರಿದ ಗುತ್ತಿಗೆಯಾದ್ರೆ ನೋಂದಣಿ ಮಾಡಿಸಬೇಕಾಗುತ್ತೆ ಅಂತ 11 ತಿಂಗಳಿಗೆ ಬರೆಸ್ತೀವಲ್ಲ, ಅದೇ ಪತ್ರ. ಅದರಲ್ಲಿ ಫ್ಯಾನ್ ಎಷ್ಟು, ಗೀಸರ್ ಎಷ್ಟು ಅಂತ ಬರೆಸ್ತೀರಿ. ಜೊತೆಗೆ ಎರಡು ಸಾಲು ಸೇರಿಸಿ. ಬೀಗದ ಕೈ ಎಷ್ಟು, ಯಾರ ಹತ್ರ. ಮಾಲೀಕರು ಒಳಗೆ ಬರೋ ಮುಂಚೆ ತಿಳಿಸಿ ಬರಬೇಕು.

ಬೀಗ ಆಯ್ತು. ಈಗ ಚೌಕಟ್ಟು. ಮೂರು ಸಾವಿರದ ಬೀಗ ಹಾಕಿರ್ತೀವಿ. ಆ ಬೀಗದ ನಾಲಿಗೆ ಹೋಗಿ ಕೂರೋ ಕಬ್ಬಿಣದ ಪಟ್ಟಿ ಚೌಕಟ್ಟಿಗೆ ಎಂಥ ಸ್ಕ್ರೂನಲ್ಲಿ ನಿಂತಿದೆ ಅಂತ ಬಿಚ್ಚಿ ನೋಡಿ. ಅರ್ಧ ಇಂಚು, ಮುಕ್ಕಾಲು ಇಂಚು. ಜೋರಾಗಿ ಎರಡು ಒದೆ ಕೊಟ್ಟರೆ ಪಟ್ಟಿ ಕಿತ್ತು ಬರುತ್ತೆ, ಬೀಗ ಮಾತ್ರ ಗಟ್ಟಿಯಾಗಿ ಬಾಗಿಲಲ್ಲೇ ಇರುತ್ತೆ! ಅದೇ ತೂತಿಗೆ ಎರಡೂವರೆ, ಮೂರು ಇಂಚಿನ ಸ್ಕ್ರೂ ಹಾಕಿಸಿ. ಕೀಲುಗಳಿಗೂ ಅಷ್ಟೇ. ಒಳಗಡೆ ಚಿಲಕ ಕೈಲಿ ಅಲ್ಲಾಡಿಸಿದ್ರೆ ಅಲ್ಲಾಡುತ್ತಾ? ಅದಕ್ಕೂ ಅದೇ ಔಷಧಿ. ಐವತ್ತು ರೂಪಾಯಿ ಸ್ಕ್ರೂ. ಯಾವ ಮಾಲೀಕರೂ ಬೇಡ ಅನ್ನಲ್ಲ.

ಬಾಗಿಲಲ್ಲಿ ಹೊರಗೆ ನೋಡೋ ಸಣ್ಣ ಗಾಜಿನ ಕಣ್ಣು ಇದ್ರೆ ಬಳಸಿ. ಬೆಲ್ ಆದ ತಕ್ಷಣ ಬಾಗಿಲು ತೆಗೆಯೋ ಅಭ್ಯಾಸ ಬಿಡಿ, ಮಕ್ಕಳಿಗೂ ಹೇಳಿಕೊಡಿ. "ಗ್ಯಾಸ್ ಚೆಕ್ ಮಾಡೋಕೆ ಬಂದಿದೀವಿ", "ವಾಟರ್ ಫಿಲ್ಟರ್ ಸರ್ವೀಸ್" ಅಂತ ಬಂದವರನ್ನ ನಿಲ್ಲಿಸಿ, ನೀವೇ ಫೋನ್ ಮಾಡಿ ವಿಚಾರಿಸಿ. ನಿಜವಾಗಲೂ ಕೆಲಸಕ್ಕೆ ಬಂದವನು ಎರಡು ನಿಮಿಷ ಕಾಯ್ತಾನೆ.

ಆಮೇಲೆ ಯುಟಿಲಿಟಿ ಬಾಗಿಲು. ಮುಂಬಾಗಿಲಿಗೆ ನಾಲ್ಕು ಬೀಗ, ವಾಷಿಂಗ್ ಮೆಷಿನ್ ಇಟ್ಟಿರೋ ಹಿಂದಿನ ಬಾಗಿಲಿಗೆ ಒಂದು ಸಣ್ಣ ಚಿಲಕ. ನಮ್ಮ ಎಷ್ಟೋ ಮನೆಗಳ ಕತೆ ಇದು. ಪೈಪ್ ಹಿಡಿದು ಹತ್ತಿ ಬರೋರಿಗೆ ಅದೇ ಮುಂಬಾಗಿಲು. ಜಾರಿಸೋ ಕಿಟಕಿ ಇದ್ರೆ, ಅದು ಓಡಾಡೋ ಹಳಿಯಲ್ಲಿ ಅಳತೆಗೆ ಕತ್ತರಿಸಿದ ಒಂದು ಮರದ ಕೋಲು ಮಲಗಿಸಿ. ಹೊರಗಿಂದ ಎಷ್ಟು ತಳ್ಳಿದ್ರೂ ಕಿಟಕಿ ಸರಿಯಲ್ಲ. ಖರ್ಚು? ಹಳೇ ಪೊರಕೆ ಕಡ್ಡಿ. ನೆಲಮಹಡಿಯಲ್ಲಿ ಇರೋರು ಬಚ್ಚಲುಮನೆಯ ಗಾಜಿನ ಪಟ್ಟಿಗಳನ್ನ ನೋಡಿ. ಒಂದೊಂದಾಗಿ ಜಾರಿಸಿ ತೆಗೆದಿಟ್ಟರೆ ಸಣ್ಣ ಮೈಯವನು ಒಳಗೆ ಬರಬಹುದು. ಅಲ್ಲಿಗೆ ಕಂಬಿ ಹಾಕಿಸಿಕೊಡಿ ಅಂತ ಮಾಲೀಕರನ್ನ ಕೇಳೋದ್ರಲ್ಲಿ ತಪ್ಪೇನಿಲ್ಲ.

ಆದರೆ ಕಂಬಿ ವಿಷಯದಲ್ಲಿ ಒಂದು ಎಚ್ಚರಿಕೆ. ಕಳ್ಳ ಒಳಗೆ ಬರಬಾರದು ಅಂತ ಹೋಗಿ, ನಾವು ಹೊರಗೆ ಹೋಗೋಕೆ ಆಗದ ಹಾಗೆ ಮಾಡ್ಕೊಳ್ತೀವಿ. 2010ರ ಫೆಬ್ರವರಿ 23, ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿದೆಯಾ? ಬೆಂಕಿಗಿಂತ ಹೆಚ್ಚಾಗಿ ಹೊಗೆ. ಒಂಬತ್ತು ಜನ ಹೋದ್ರು. ಕಿಟಕಿಯಿಂದ ಹಾರಿದವರನ್ನ ಇಡೀ ಊರು ಟಿವಿಯಲ್ಲಿ ನೋಡ್ತು. ಅದು ಕಚೇರಿ ಕಟ್ಟಡ, ಮನೆಯಲ್ಲ. ಆದರೆ ಹೊಗೆಗೆ ಮನೆ, ಕಚೇರಿ ಅಂತ ಭೇದ ಇಲ್ಲ. ಅದಕ್ಕೇ ಹೇಳ್ತೀನಿ, ಬಾಲ್ಕನಿಗೆ ಗ್ರಿಲ್ ಹಾಕಿಸೋದಾದ್ರೆ ಒಂದು ಭಾಗ ತೆರೆಯೋ ಹಾಗಿರಲಿ. ಅದಕ್ಕೆ ಒಳಗಿಂದ ಬೀಗ. ಕೀ ಹತ್ತಿರದಲ್ಲೇ ಒಂದು ಮೊಳೆಗೆ ನೇತಾಡ್ತಿರಲಿ, ಹೊರಗಿಂದ ಕೈ ಹಾಕಿದ್ರೆ ಎಟುಕಬಾರದು, ಮನೆಯವರೆಲ್ಲರಿಗೂ ಎಲ್ಲಿದೆ ಅಂತ ಗೊತ್ತಿರಬೇಕು. ರಾತ್ರಿ ಮುಂಬಾಗಿಲಿಗೆ ಒಳಗಿಂದ ಕೀ ತಿರುಗಿಸಿ ಮಲಗೋರೂ ಅಷ್ಟೇ. ಆ ಕೀಗೆ ಒಂದೇ ಜಾಗ ಇರಲಿ. ಕತ್ತಲಲ್ಲಿ ಹುಡುಕೋ ಹಾಗಾಗಬಾರದು.

ಕ್ಯಾಮೆರಾ ಹಾಕಿಸಲಾ ಅಂತ ಕೇಳ್ತೀರಿ. ಹಾಕಿಸಿ. ಅಂಟಿಸೋ ಥರದ್ದು, ಬ್ಯಾಟರಿಯಲ್ಲಿ ನಡೆಯೋದು ಸಿಗುತ್ತೆ, ಗೋಡೆ ಕೊರೆಯೋದು ಬೇಡ. ಆದರೆ ಕ್ಯಾಮೆರಾ ಕಳ್ಳನನ್ನ ಹಿಡಿದು ನಿಲ್ಲಿಸಲ್ಲ. ಅವನು ಬಂದಿದ್ದನ್ನ ನಿಮಗೆ ತೋರಿಸುತ್ತೆ. ಬೀಗಕ್ಕೆ ಹಾಕಬೇಕಾದ ದುಡ್ಡನ್ನ ಕ್ಯಾಮೆರಾಗೆ ಹಾಕಬೇಡಿ. ಡಬ್ಬದ ಜೊತೆ ಬಂದ ಪಾಸ್‌ವರ್ಡನ್ನ ಮೊದಲ ದಿನವೇ ಬದಲಾಯಿಸಿ. ಇಲ್ಲದಿದ್ರೆ ನಿಮ್ಮ ಬಾಗಿಲನ್ನ ನಿಮ್ಮ ಜೊತೆ ಇನ್ಯಾರೋ ನೋಡ್ತಿರ್ತಾರೆ. ಎದುರು ಮನೆಯವರ ಬಾಗಿಲು ತೆರೆದಾಗ ಅವರ ಹಾಲ್ ಕಾಣೋ ಹಾಗೆ ತಿರುಗಿಸಬೇಡಿ. ಅವರಿಗೂ ಹೆಣ್ಣುಮಕ್ಕಳಿದ್ದಾರೆ, ಅವರಿಗೂ ಮಾನ ಇದೆ.

ಊರಿಗೆ ಹೋಗೋವಾಗ ಏನು ಮಾಡಬೇಕು? ಹೊರಗೆ ದೊಡ್ಡ ಬೀಗ ನೇತುಹಾಕಿದ್ರೆ ಮನೇಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ. ಬಾಗಿಲೊಳಗಿನ ಬೀಗ ಗಟ್ಟಿ ಇದ್ರೆ ಅದೇ ಸಾಕು. ಮನೆ ಖಾಲಿ ಇದೆ ಅನ್ನೋದನ್ನ ಬೀಗಕ್ಕಿಂತ ಜೋರಾಗಿ ಹೇಳೋವು ಇನ್ನೂ ಇವೆ. ಬಾಗಿಲ ಮುಂದೆ ಬಿದ್ದಿರೋ ಮೂರು ದಿನದ ಪೇಪರ್. ಒಡೆದು ಹುಳಿ ವಾಸನೆ ಬರ್ತಿರೋ ಹಾಲಿನ ಪ್ಯಾಕೆಟ್. ಹಬ್ಬದ ದಿನ ಬೀದಿಯಲ್ಲೆಲ್ಲ ರಂಗೋಲಿ, ನಿಮ್ಮ ಹೊಸ್ತಿಲು ಮಾತ್ರ ಖಾಲಿ. ಪಕ್ಕದ ಮನೆಯವರಿಗೆ ಹೇಳಿ. "ಅಕ್ಕ, ಎರಡು ದಿನ ನಮ್ಮ ಬಾಗಿಲಿಗೂ ಒಂದು ಎಳೆ ರಂಗೋಲಿ ಹಾಕಿಬಿಡಿ" ಅಂತ ಕೇಳಿದ್ರೆ ಯಾರು ಇಲ್ಲ ಅಂತಾರೆ? ಠಾಣೆಗೆ ತಿಳಿಸಿ ಹೋಗಿ ಅಂತ ಪೊಲೀಸರು ರಜಾ ಬಂದಾಗೆಲ್ಲ ಹೇಳ್ತಾರೆ, ನಾವು ಸುದ್ದಿ ಓದ್ತೀವಿ, ನೀವು ಕೇಳ್ತೀರಿ, ಯಾರೂ ತಿಳಿಸಲ್ಲ. ತಿಳಿಸಿ. ರೈಲು ಹತ್ತಿದ ತಕ್ಷಣ ಫೋಟೋ ಹಾಕೋದನ್ನ ವಾಪಸ್ ಬಂದ ಮೇಲೆ ಹಾಕಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಚಿನ್ನ ಬ್ಯಾಂಕ್ ಲಾಕರಲ್ಲಿರಲಿ. ಆದರೆ ಅಲ್ಲಿಟ್ಟರೆ ಪೂರ್ತಿ ನಿಶ್ಚಿಂತೆ ಅಂತ ತಿಳ್ಕೊಬೇಡಿ. ರಿಸರ್ವ್ ಬ್ಯಾಂಕ್ 2021ರಲ್ಲಿ ತಂದ ನಿಯಮ ಪ್ರಕಾರ ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ ಇವುಗಳಿಂದ ನಷ್ಟವಾದ್ರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ವರ್ಷಕ್ಕೆ ಎರಡು ಸಾವಿರ ಕಟ್ಟಿದ್ರೆ ಎರಡು ಲಕ್ಷ. ಇವತ್ತಿನ ಚಿನ್ನದ ರೇಟಲ್ಲಿ ಅದಕ್ಕೆ ಎಷ್ಟು ಬರುತ್ತೆ, ನೀವೇ ಲೆಕ್ಕ ಹಾಕಿ. ಬಾಡಿಗೆದಾರರೂ ಮನೆಯೊಳಗಿನ ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು, ಕಟ್ಟಡ ನಿಮ್ಮದಾಗಬೇಕಿಲ್ಲ. ಆದರೆ ಬಾಗಿಲು ಮುರಿದ ಗುರುತು ಇಲ್ಲದಿದ್ರೆ ಕೊಡ್ತೀರಾ ಅಂತ ಮೊದಲೇ ಕೇಳಿ. ನನ್ನಂಥ ಕತೆಯಲ್ಲಿ ಪೆಟ್ಟು ಬೀಳೋದು ಅಲ್ಲೇ. ಒಡವೆ ಫೋಟೋ, ರಸೀದಿ, ಫೋನಿನ ಐಎಂಇಐ ನಂಬರ್ ಮನೆಯಾಚೆ ಎಲ್ಲಾದ್ರೂ ಉಳಿಸಿಡಿ.

ವಾಪಸ್ ಬಂದಾಗ ಬಾಗಿಲು ತೆರೆದಿದ್ರೆ ಒಳಗೆ ನುಗ್ಗಬೇಡಿ. ಕಳ್ಳ ಇನ್ನೂ ಒಳಗೇ ಇರಬಹುದು. ಕೆಳಗಿಳಿದು ಬಂದು 112ಕ್ಕೆ ಫೋನ್ ಮಾಡಿ. ಬೀರು, ಹಿಡಿ, ಬೀಗ ಮುಟ್ಟಬೇಡಿ, ಬೆರಳಚ್ಚು ಅಳಿಸಿಹೋಗುತ್ತೆ. ದೂರು ಕೊಡಿ. ವಾಸದ ಮನೆಯಲ್ಲಿ ಕಳ್ಳತನ ಅಂದ್ರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ, ಏಳು ವರ್ಷದವರೆಗೆ ಶಿಕ್ಷೆ. ಬಾಡಿಗೆ ಮನೆ ಅಂತ ಕಾನೂನು ಕಡಿಮೆ ಮಾಡಿ ನೋಡಲ್ಲ.

ಈಗ ಆಯಮ್ಮನ ವಿಷಯ.

ನಾನು ಹೆಸರು ಹೇಳಿದ ದಿನ ಸಂಜೆಯೇ ಅವರನ್ನ ಠಾಣೆಗೆ ಕರೆಸಿದ್ರು. ಎರಡು ದಿನ ಬೆಳಗ್ಗೆಯಿಂದ ಸಂಜೆವರೆಗೂ ಕೂರಿಸಿದ್ರು. ಏನೂ ಸಿಗಲಿಲ್ಲ, ಕಳಿಸಿದ್ರು. ಅವರು ನಮ್ಮ ಮನೆಗೆ ಮತ್ತೆ ಬರಲಿಲ್ಲ. ಎಂಟು ತಿಂಗಳಾದ ಮೇಲೆ ಬೇರೆ ಯಾವುದೋ ಕೇಸಲ್ಲಿ ಒಬ್ಬ ಸಿಕ್ಕಿಬಿದ್ದ. ನಮ್ಮ ಮನೆಯದ್ದನ್ನೂ ಒಪ್ಕೊಂಡ. ನಮಗಿಂತ ಮುಂಚೆ ಇದ್ದ ಮೂವರು ಹುಡುಗರ ಪರಿಚಯದವನು. ಅವರ ಜೊತೆ ಹದಿನೈದು ದಿನ ಉಳ್ಕೊಂಡಿದ್ದನಂತೆ. ಆ ಮೂರನೇ ಕೀ ಅವನ ಹತ್ರ ಇತ್ತು. ಬಳೆ ಕರಗಿಸಿದ ಚಿನ್ನ ಸ್ವಲ್ಪ ವಾಪಸ್ ಬಂತು. ಅಮ್ಮನ ಸರ ಬರಲಿಲ್ಲ.

ನಾನು ಆಯಮ್ಮನ ಮನೆ ಹುಡ್ಕೊಂಡು ಹೋದೆ. ಬಾಗಿಲಲ್ಲೇ ನಿಂತು, "ತಪ್ಪಾಯ್ತು ಕಣಮ್ಮ, ಕಳ್ಳ ಸಿಕ್ಕಿದಾನೆ" ಅಂದೆ. ಅವರು ಒಳಗೆ ಬನ್ನಿ ಅನ್ನಲಿಲ್ಲ. ಬೈಯಲೂ ಇಲ್ಲ. "ನಾಲ್ಕು ಮನೆ ಬಿಟ್ಟೋಯ್ತು ಸಾರ್. ಮಗಳ ಫೀಸ್ ಕಟ್ಟೋ ತಿಂಗಳು ಅದು" ಅಂದ್ರು. ಅಷ್ಟೇ. ನಾನು ಕೈಯಲ್ಲಿ ಹಿಡ್ಕೊಂಡು ಹೋಗಿದ್ದ ದುಡ್ಡನ್ನ ತಗೊಳ್ಳಲಿಲ್ಲ.

ಅವತ್ತಿಂದ ನನಗೆ ಒಂದು ವಿಷಯ ಅರ್ಥ ಆಗಿದೆ. ಬೀಗ ಬದಲಾಯಿಸದೆ ಇದ್ದದ್ದು ನಾನು. ಕೀ ಲೆಕ್ಕ ಇಡದೆ ಇದ್ದದ್ದು ಮಾಲೀಕರು. ಬೆಲೆ ಕಟ್ಟಿದ್ದು ನಮ್ಮ ಕೀಯನ್ನ ಒಂದು ದಿನವೂ ಮುಟ್ಟದ ಹೆಣ್ಣುಮಗಳು. ಕೀ ಯಾರ ಹತ್ರ ಇದೆ ಅಂತ ಗೊತ್ತಿಲ್ಲದ ಮನೆಯಲ್ಲಿ ಅನುಮಾನ ಯಾವಾಗಲೂ ಬಡವರ ಕಡೆಗೇ ಹರಿಯುತ್ತೆ. ಕೆಲಸದವರು, ವಾಚ್‌ಮ್ಯಾನ್, ಇಸ್ತ್ರಿಯವರು. ಕೀ ಲೆಕ್ಕ ಸರಿ ಇದ್ರೆ ಆ ಪ್ರಶ್ನೆಗೆ ಉತ್ತರ ಇರುತ್ತೆ, ಊಹೆ ಮಾಡೋ ಹಾಗಿರಲ್ಲ.

ಮಾಲೀಕರೇ, ನಿಮಗೂ ಒಂದು ಮಾತು. ಹೊಸ ಬಾಡಿಗೆದಾರರು ಬರೋವಾಗ ಗೋಡೆಗೆ ಸುಣ್ಣ ಬಳಿಸ್ತೀರಿ, ಅದಕ್ಕೆ ಹಳಬರ ಅಡ್ವಾನ್ಸಲ್ಲಿ ಒಂದು ತಿಂಗಳು ಹಿಡೀತೀರಿ. ಆ ದುಡ್ಡಲ್ಲಿ ಒಂದು ಹೊಸ ಸಿಲಿಂಡರ್ ಹಾಕಿಸಿಕೊಡಿ. ಸಾವಿರ ರೂಪಾಯಿ ಆಚೀಚೆ.

ಬಾಡಿಗೆದಾರರೇ, ಇವತ್ತು ರಾತ್ರಿ ಊಟ ಆದ ಮೇಲೆ ಟಿವಿ ಆರಿಸಿ. ಒಂದು ಹಾಳೆ ತಗೊಂಡು ನಿಮ್ಮ ಮನೆ ಬೀಗದ ಕೈ ಯಾರ್ಯಾರ ಹತ್ರ ಇದೆ ಅಂತ ಬರೀರಿ. ಒಂದು ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬಂದ್ರೂ, ನಾಳೆ ಬೆಳಗ್ಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ.